ದಾದರ್‌ನಿಂದ ದೇಹೂ ರೋಡ್‌ವರೆಗೆ: ಬುದ್ಧನ ಕುರಿತು ಒಂದು ಜಗಳ

ಶುಕ್ರವಾರ, ದಾದರ್

ಚೈತ್ಯಭೂಮಿ ನಾನು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು. ಡಿಸೆಂಬರ್ 6ರ ಚಿತ್ರಗಳಲ್ಲಿ ಶಿವಾಜಿ ಪಾರ್ಕಿನಿಂದ ಸಮುದ್ರದಂಚಿನವರೆಗೆ ಜನವೇ ಜನ. ಅದನ್ನು ನೋಡಿ ನೋಡಿ ಸ್ತೂಪವೂ ಅದೇ ಅಳತೆಯಲ್ಲಿರಬೇಕೆಂದು ಮನಸ್ಸು ತಾನಾಗಿಯೇ ಲೆಕ್ಕ ಹಾಕಿಕೊಂಡಿತ್ತು. ಫೆಬ್ರುವರಿಯ ಸಾಧಾರಣ ಬೆಳಿಗ್ಗೆಯಲ್ಲಿ ಅಲ್ಲಿ ಕಂಡದ್ದು ಒಂದು ಚೌಕ ಕಟ್ಟಡ, ಅದರ ಮೇಲೆ ಬಿಳಿ ಗುಮ್ಮಟ, ಮುಂದೆ ಸಾಂಚಿಯ ಮಾದರಿಯ ತೋರಣ, ಹಿಂದೆ ಅರಬ್ಬೀ ಸಮುದ್ರ. ಅಂಬೇಡ್ಕರ್ ದೆಹಲಿಯಲ್ಲಿ ತೀರಿಕೊಂಡದ್ದು 1956ರ ಡಿಸೆಂಬರ್ 6ರಂದು. ಮರುದಿನ ಅವರ ದಹನ ನಡೆದದ್ದು ಇಲ್ಲಿ. ಅಸ್ಥಿ ಇರುವುದೂ ಇಲ್ಲಿಯೇ.

ಕಾಕಾ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸಿದರು. ಆಮೇಲೆ ‘ನಮೋ ತಸ್ಸ’ದಿಂದ ಶುರುಮಾಡಿ, ಬುದ್ಧ, ಧಮ್ಮ, ಸಂಘಗಳಿಗೆ ಶರಣೆನ್ನುವ ತ್ರಿಶರಣ, ಐದು ಶೀಲಗಳ ಪಂಚಶೀಲ ಎಲ್ಲವನ್ನೂ ಕಂಠಪಾಠದಿಂದ ಹೇಳಿದರು. ಅವರ ಪಾಲಿ ಭಾಷೆಯ ಉಚ್ಚಾರದಲ್ಲಿ ನಮ್ಮ ಅಫಜಲಪುರ ತಾಲ್ಲೂಕು ಸ್ಪಷ್ಟವಾಗಿ ಕೇಳಿಸುತ್ತದೆ. ಪರೇಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಅವರು ಈ ವಂದನೆಯನ್ನು ಕಲಿತದ್ದು ಮರಾಠಿ ಪುಸ್ತಿಕೆಯಿಂದ, ಚಾಳಿನ ಗೆಳೆಯರ ಜೊತೆ ಕುಳಿತು. ನಾನು ಪಕ್ಕದಲ್ಲಿ ಕೈಮುಗಿದು ನಿಂತಿದ್ದೆ.

ಹೊರಗೆ ಬಂದ ಮೇಲೆ ಕೇಳಿದರು: “ತಮ್ಮಾ, ನೀನು ಬಾಯಿಯೇ ಬಿಡಲಿಲ್ಲವಲ್ಲ?”

ಜಗಳ ಆರಂಭವಾದದ್ದು ಹೀಗೆ. ಬೆಳಗಿನ ಹೊತ್ತು ಉಸಿರನ್ನು ಗಮನಿಸುತ್ತ ಕೂರುತ್ತೇನೆ, ಬುದ್ಧನ ಮಾತು ಹಿಡಿಸುತ್ತದೆ, ಆದರೆ ಪಠಣ, ಮೇಣದಬತ್ತಿ, ಗುರು ಇವು ಯಾವುವೂ ನನಗೆ ಬೇಡ, ನನ್ನ ದಾರಿಯನ್ನು ನಾನೇ ಮಾಡಿಕೊಳ್ಳುತ್ತೇನೆ ಎಂದೆ. ಉಸಿರಾಟವನ್ನು ಯಾರಿಂದ ಕಲಿತೆ ಎಂದು ಕೇಳಿದರು. ಮೊಬೈಲಿನ ಆ್ಯಪ್ ಒಂದರಿಂದ ಎಂದೆ.

“ಮೊಬೈಲಿನವನು ಉಸಿರು ತೆಗೆದುಕೋ ಎಂದಾಗ ತೆಗೆದುಕೊಳ್ಳುತ್ತೀ, ಬಿಡು ಎಂದಾಗ ಬಿಡುತ್ತೀ. ಇದರಲ್ಲಿ ಸ್ವಂತದ್ದು ಯಾವುದು?”

ನನ್ನ ಬಳಿಯೂ ಅಸ್ತ್ರವಿತ್ತು. ಕಾಕಾ ಸಂಪ್ರದಾಯವೆಂದು ಪಾಲಿಸುವುದು ವಯಸ್ಸಿನಲ್ಲಿ ಅವರಿಗಿಂತ ಚಿಕ್ಕದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರರಿಗೆ ತ್ರಿಶರಣ ಪಂಚಶೀಲಗಳನ್ನು ಕೊಟ್ಟದ್ದು ಕುಶಿನಾರದ ಬರ್ಮೀ ಭಿಕ್ಷು ಚಂದ್ರಮಣಿ ಮಹಾಸ್ಥವಿರರು. ಅಲ್ಲಿಯವರೆಗೆ ಎಲ್ಲವೂ ರೂಢಿಯಂತೆಯೇ. ಅದಾದ ಮೇಲೆ ಅಂಬೇಡ್ಕರರು ತಿರುಗಿ ನಿಂತು, ಎದುರಿಗಿದ್ದ ಲಕ್ಷಾಂತರ ಜನರಿಗೆ ತಾವೇ ದೀಕ್ಷೆ ಕೊಟ್ಟರು. ಜೊತೆಗೆ ತಾವೇ ಬರೆದ 22 ಪ್ರತಿಜ್ಞೆಗಳನ್ನೂ ಹೇಳಿಸಿದರು. ಗೃಹಸ್ಥನೊಬ್ಬ ಭಿಕ್ಷುವಿನ ಎದುರಿನಲ್ಲೇ ಅಷ್ಟು ಜನಕ್ಕೆ ಧಮ್ಮ ಕೊಡುವುದು ಭಿಕ್ಷುಗಳ ಯಾವ ವಿನಯ ನಿಯಮದಲ್ಲಿತ್ತು? ಅವರ ಮರಣಾನಂತರ 1957ರಲ್ಲಿ ಬಂದ ‘ಬುದ್ಧ ಮತ್ತು ಅವನ ಧಮ್ಮ’ ಗ್ರಂಥದ ಮುನ್ನುಡಿಯಲ್ಲಿ ನಾಲ್ಕು ಆರ್ಯಸತ್ಯಗಳು ಬುದ್ಧನ ಮೂಲ ಬೋಧನೆಯೇ ಎಂಬ ಪ್ರಶ್ನೆಯನ್ನೇ ಎತ್ತಿದ್ದಾರೆ. ಆತ್ಮವೇ ಇಲ್ಲದಿದ್ದರೆ ಕರ್ಮವೆಲ್ಲಿ, ಪುನರ್ಜನ್ಮವೆಲ್ಲಿ ಎಂದು ಕೇಳಿದ್ದಾರೆ. ಇವರು ಹೊಸ ದಾರಿ ಕಡಿಯಬಹುದಾದರೆ ನಾನೇಕೆ ಕಡಿಯಬಾರದು?

“ಕಡಿ. ಅವರು ಓದಿದಷ್ಟು ಓದಿ ಬಂದು ಕಡಿ” ಎಂದರು ಕಾಕಾ. ಮೆಟ್ರಿಕ್ ಪಾಸಾದ ಹುಡುಗ ಭೀಮರಾವ್‌ಗೆ ಕೇಳುಸ್ಕರ್ ಎಂಬ ಮೇಷ್ಟರು ತಾವೇ ಬರೆದ ಬುದ್ಧಚರಿತ್ರೆಯನ್ನು ಕೈಗಿತ್ತ ಸಂಗತಿಯನ್ನು ಅವರು ತಮ್ಮ ಮನೆಯಲ್ಲೇ ನಡೆದದ್ದೆಂಬಂತೆ ಹೇಳುತ್ತಾರೆ. ಅದು 1907ರ ಸುಮಾರು. ಹಿಂದೂವಾಗಿ ಸಾಯುವುದಿಲ್ಲವೆಂದು ಯೇವಲೆಯಲ್ಲಿ ಘೋಷಿಸಿದ್ದು 1935ರಲ್ಲಿ. ದೀಕ್ಷೆ 1956ರಲ್ಲಿ.

ನಮ್ಮ ಕಡೆ ಇಂಥ ಮಾತು ಬಂದಾಗ ಬಸವಣ್ಣನನ್ನು ಎಳೆದು ತರುವುದು ವಾಡಿಕೆ. ನಾನೂ ತಂದೆ. ಕಾಕಾ ಕೈ ಅಡ್ಡ ಹಿಡಿದರು. “ಅವರನ್ನು ಬಿಡು. ನಿನ್ನ ಅಜ್ಜನ ಮಾತು ಹೇಳು. ಅವನಿಗೆ ಸ್ವಂತ ದಾರಿ ಎಂದರೆ ಊರ ಹೊರಗಿನದು, ಅದು ಒಂದೇ ಇತ್ತು.”

ಅಲ್ಲಿಂದ ಮನೆಗೆ ಬರುವವರೆಗೂ ನಾವು ಲೋಕಲ್ ರೈಲಿನ ಜನಸಂದಣಿಯನ್ನಷ್ಟೇ ಮಾತಾಡಿದೆವು.

ಶನಿವಾರ, ಗೋರಾಯಿ

ಬೋರಿವಲಿಯಿಂದ ಗೋರಾಯಿ ಖಾಡಿಗೆ ಬಂದು ದೋಣಿ ಹಿಡಿದರೆ ಆಚೆ ದಡದಲ್ಲಿ ಚಿನ್ನದ ಬಣ್ಣದ ಪಗೋಡ. ರಂಗೂನಿನ ಶ್ವೇಡಗಾನ್ ಮಾದರಿಯಲ್ಲಿ ಕಟ್ಟಿದ ಈ ಜಾಗತಿಕ ವಿಪಶ್ಯನಾ ಪಗೋಡದ ಎತ್ತರ ಹತ್ತಿರಹತ್ತಿರ 100 ಮೀಟರ್. 2009ರಲ್ಲಿ ಇದರ ಉದ್ಘಾಟನೆ ಆಯಿತು. ಒಳಗಿನ ಗುಮ್ಮಟಕ್ಕೆ ಒಂದು ಕಂಬವೂ ಇಲ್ಲ. ಜೋಧಪುರದ ಕಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡು ನಿಂತಿವೆ. ಅಡ್ಡಳತೆ ಸುಮಾರು 85 ಮೀಟರ್, 8,000 ಜನ ಒಟ್ಟಿಗೆ ಕೂರಬಹುದು. ವಿಜಯಪುರದ ಗೋಳಗುಮ್ಮಟವನ್ನು ನೋಡಿ ಬೆಳೆದ ನಮ್ಮ ಕಡೆಯವರಿಗೆ ಅದರ ಸರಿಸುಮಾರು ಎರಡರಷ್ಟು ಅಗಲ ಎಂದರೆ ಬೇಗ ತಿಳಿಯುತ್ತದೆ. ಅಲ್ಲಿ ಒಂದು ಸಲ ಕೂಗಿದರೆ ಏಳು ಸಲ ತಿರುಗಿ ಬರುತ್ತದೆ, ಇಲ್ಲಿ ಕೂಗುವ ಹಾಗೆಯೇ ಇಲ್ಲ.

ಗುಮ್ಮಟದೊಳಗೆ ಹೋಗುವ ಹಾಗೂ ಇಲ್ಲ, ವಿಪಶ್ಯನಾ ಧ್ಯಾನದ ಹತ್ತು ದಿನದ ಶಿಬಿರ ಮುಗಿಸಿದವರಿಗಷ್ಟೇ ಪ್ರವೇಶ. ನಮ್ಮ ಮೂವರಲ್ಲಿ ಶಿಬಿರ ಮುಗಿಸಿದ್ದವರು ಕಾಕಿ. ಸೆರಗನ್ನು ಸರಿಮಾಡಿಕೊಂಡು ಅವರು ಒಳಗೆ ಹೋದರು. ಸಂಪ್ರದಾಯದ ಕಾಕಾ, ಸ್ವಂತ ದಾರಿಯ ನಾನು, ಇಬ್ಬರೂ ಗಾಜಿನ ಈಚೆ ನಿಂತು ಅವರ ಬೆನ್ನನ್ನು ಹುಡುಕಿದೆವು.

ಈ ಶಿಬಿರಗಳನ್ನು ಭಾರತದಲ್ಲಿ ಶುರುಮಾಡಿದ ಎಸ್. ಎನ್. ಗೋಯೆಂಕಾ ಹುಟ್ಟಿದ್ದು ಮಂಡಾಲೆಯಲ್ಲಿ, 1924ರಲ್ಲಿ, ಮಾರವಾಡಿ ಕುಟುಂಬದಲ್ಲಿ. ಧ್ಯಾನ ಕಲಿತದ್ದು ಊ ಬಾ ಖಿನ್ ಅವರಿಂದ. ಅವರು ಭಿಕ್ಷುವಲ್ಲ, ಬರ್ಮಾ ಸರ್ಕಾರದ ಮಹಾಲೇಖಪಾಲ. ಅವರಿಗೆ ಕಲಿಸಿದ ಸಯಾ ಥೆಟ್ಜಿ ಒಬ್ಬ ರೈತ. ಆ ರೈತನಿಗೆ ಕಲಿಸಿದವರು ಲೇಡಿ ಸಯಾಡೊ, ಅವರು ಭಿಕ್ಷು, 1923ರಲ್ಲಿ ತೀರಿಕೊಂಡರು. ಬುದ್ಧನ ಕಾಲದಿಂದ ಕೆಡದೆ ಬಂದ ವಿದ್ಯೆ ಎಂದು ಶಿಬಿರದಲ್ಲಿ ಹೇಳುತ್ತಾರೆ. ಹಾಗೆಯೇ ಇರಲಿ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಈ ಸರಪಳಿಯ ಈಚಿನ ಮೂರು ಕೊಂಡಿಗಳು: ರೈತ, ಲೆಕ್ಕಾಧಿಕಾರಿ, ವ್ಯಾಪಾರಿ. ಭಿಕ್ಷುಗಳ ಪಾಲಿನದಾಗಿದ್ದ ಸಾಧನೆ ಎಷ್ಟು ಸದ್ದಿಲ್ಲದೆ ಸಂಸಾರಿಗಳ ಕೈಗೆ ಬಂತು! 1969ರಲ್ಲಿ ಗೋಯೆಂಕಾ ಭಾರತಕ್ಕೆ ಬಂದು ಇದೇ ಮುಂಬೈಯಲ್ಲಿ ಮೊದಲ ಶಿಬಿರ ನಡೆಸಿದರು. ಆಗ ಅವರು ಮಾಡಿದ್ದು ಹೊಸದೇ ಆಗಿತ್ತು, ಹೇಳಿದ್ದು ಮಾತ್ರ ಹಳೆಯದು ಎಂದು. ಅಂಬೇಡ್ಕರರು ಇದಕ್ಕೆ ಉಲ್ಟಾ. ತಮ್ಮದು ನವಯಾನ, ಅಂದರೆ ಹೊಸ ಯಾನವೆನ್ನಬಹುದು ಎಂದು ಬಾಯಿಬಿಟ್ಟೇ ಹೇಳಿದರು, ತಲೆಬಾಗಿದ್ದು ಮಾತ್ರ ಹಳೆಯ ಮೂರು ಶರಣಗಳಿಗೆ.

ಕಾಕಿ ಹೊರಗೆ ಬಂದರು. “ಒಳಗೆ ಏನಿದೆ ಕಾಕಿ?”

“ತಂಪು ಇದೆ.”

ಶಿಬಿರದ ಹತ್ತು ದಿನ ಬೇರೆ ಮಂತ್ರ, ಜಪ, ಪೂಜೆ ಯಾವುದನ್ನೂ ಬೆರೆಸಬಾರದೆಂಬ ನಿಯಮವಿದೆ. ಇಗತ್ಪುರಿಯ ಶಿಬಿರದಿಂದ ಕಾಕಿ ಮರಳಿದ ದಿನ ಕಾಕಾ ಕೇಳಿದ ಮೊದಲ ಪ್ರಶ್ನೆ ‘ತ್ರಿಶರಣ ಹೇಳಿಸಿದರೋ ಇಲ್ಲವೋ’ ಎಂದಂತೆ. ಹೇಳಿಸುತ್ತಾರೆ, ಶಿಬಿರ ಶುರುವಾಗುವುದೇ ಅದರಿಂದ. ಈಗ ಮನೆಯಲ್ಲಿ ಬೆಳಿಗ್ಗೆ ಕಾಕಾ ವಂದನೆ ಹೇಳುತ್ತಾರೆ, ಕಾಕಿ ಗೋಡೆಗೆ ಮುಖ ಮಾಡಿ ಒಂದು ಗಂಟೆ ಕಣ್ಣು ಮುಚ್ಚುತ್ತಾರೆ. ಬಾಬಾಸಾಹೇಬರು ಕಣ್ಣು ತೆರೆ ಎಂದರೇ ಹೊರತು ಮುಚ್ಚು ಎನ್ನಲಿಲ್ಲ ಎಂಬುದು ಕಾಕಾನ ತಕರಾರು. “ಇವರದು ಇವರಿಗೆ, ನನ್ನದು ನನಗೆ. ಚಹಾ ಮಾತ್ರ ಇಬ್ಬರಿಗೂ ನಾನೇ ಮಾಡಬೇಕು” ಎಂದರು ಕಾಕಿ.

ಮರಳುವ ದೋಣಿಯಲ್ಲಿ ನನ್ನ ಮುಖ್ಯ ಸಾಕ್ಷಿಯನ್ನು ತೆಗೆದೆ: ಕಾಲಾಮರೆಂಬ ಜನರಿಗೆ ಬುದ್ಧ ಹೇಳಿದ ಉಪದೇಶ, ಕಾಲಾಮ ಸುತ್ತ. ಕೇಳಿಬಂದಿದೆ ಎಂದು ನಂಬಬೇಡಿ, ಪರಂಪರೆ ಎಂದು ನಂಬಬೇಡಿ, ಗ್ರಂಥದಲ್ಲಿದೆ ಎಂದು ನಂಬಬೇಡಿ, ಈ ಶ್ರಮಣ ನಮ್ಮ ಗುರು ಎಂದೂ ನಂಬಬೇಡಿ. ಸ್ವಂತ ದಾರಿಯವರೆಲ್ಲರ ಗೋಡೆಯ ಮೇಲೆ ಇದು ಇರುತ್ತದೆ. ಆದರೆ ಗೋಡೆಗೆ ಬರುವುದು ಅರ್ಧ ಮಾತ್ರ. ಅದೇ ಪಟ್ಟಿಯಲ್ಲಿ ತರ್ಕವೂ ಇದೆ. ಬರೀ ತರ್ಕಕ್ಕೆ ಒಗ್ಗಿತೆಂದೂ ಒಪ್ಪಬೇಡಿ ಎನ್ನುತ್ತಾನೆ ಬುದ್ಧ. ಮುಂದೆ, ನೀವೇ ಅರಿತುಕೊಂಡಾಗ ಬಿಡಿ ಅಥವಾ ಹಿಡಿಯಿರಿ ಎನ್ನುವಲ್ಲಿ, ವಿವೇಕಿಗಳು ಹಳಿಯುವುದು ಯಾವುದು, ಮೆಚ್ಚುವುದು ಯಾವುದು ಎಂಬುದನ್ನೂ ನೋಡಿ ಎಂದು ಸೇರಿಸುತ್ತಾನೆ. ಕಾಕಾ ಈ ಎರಡನೆಯ ಅರ್ಧವನ್ನು ಮರಾಠಿಯಲ್ಲಿ ಸರಾಗವಾಗಿ ಹೇಳಿದರು. ದೋಣಿಯಲ್ಲಿದ್ದ ಕೋಳಿ ಬೆಸ್ತರ ಇಬ್ಬರು ಹೆಂಗಸರು ಮೀನಿನ ಬುಟ್ಟಿ ಪಕ್ಕಕ್ಕಿಟ್ಟು ಕೇಳಿಸಿಕೊಂಡರು.

ಭಾನುವಾರ, ಕಣ್ಹೇರಿ

ಭಾನುವಾರ ಹೋಗಬಾರದಾಗಿತ್ತು, ಆದರೆ ಸೋಮವಾರ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ರಜೆ. ಅರ್ಧ ಮುಂಬೈ ಅಲ್ಲಿಯೇ ಇತ್ತು, ಮಿಕ್ಕ ಜಾಗದಲ್ಲಿ ಮಂಗಗಳಿದ್ದವು. ಕಾಕಿಗೆ ಮೊಣಕಾಲು ನೋವು, ಮನೆಯಲ್ಲೇ ಉಳಿದರು.

ಕಪ್ಪು ಬಸಾಲ್ಟ್ ಗುಡ್ಡದಲ್ಲಿ 109 ಗುಹೆಗಳು. ಕ್ರಿಸ್ತಪೂರ್ವ 1ನೆಯ ಶತಮಾನದ ಹೊತ್ತಿಗೆ ಶುರುವಾಗಿ ಸುಮಾರು ಸಾವಿರ ವರ್ಷ ಇಲ್ಲಿ ಭಿಕ್ಷುಗಳು ಇದ್ದರು. 3ನೆಯ ಗುಹೆಯ ಮೊಗಸಾಲೆಯಲ್ಲಿ ಎರಡು ಕಡೆ ಸುಮಾರು 7 ಮೀಟರ್ ಎತ್ತರದ ಬುದ್ಧರು. ಚೈತ್ಯವನ್ನು, ಅಂದರೆ ಸ್ತೂಪವಿರುವ ಈ ವಂದನೆಯ ಗುಹೆಯನ್ನು, ಕೊರೆದವರ ಕಾಲದಲ್ಲಿ ಇರಲಿಲ್ಲ, ಶತಮಾನಗಳ ನಂತರ ಬಂದವರು. 41ನೆಯದರಲ್ಲಿ ಹನ್ನೊಂದು ತಲೆಯ ಬೋಧಿಸತ್ವ ಅವಲೋಕಿತೇಶ್ವರ. 90ನೆಯದರಲ್ಲಿ 1009 ಮತ್ತು 1021ರಲ್ಲಿ ಬಂದ ಪಾರ್ಸಿ ಯಾತ್ರಿಕರು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು ಕೊರೆದು ಹೋಗಿದ್ದಾರೆ. ಕನ್ನಡಿಗನಿಗೆ ಹೆಮ್ಮೆ ತರುವ ಸಾಲೂ ಇದೆ: 9ನೆಯ ಶತಮಾನದ ಶಿಲಾಹಾರ ಶಾಸನಗಳಲ್ಲಿ ಸಾರ್ವಭೌಮನಾಗಿ ನಮ್ಮ ಅಮೋಘವರ್ಷ ನೃಪತುಂಗನ ಹೆಸರು. ಭಿಕ್ಷುಗಳ ವಸ್ತ್ರಕ್ಕೆ, ದುರಸ್ತಿಗೆ, ಪುಸ್ತಕಕ್ಕೆ ದ್ರಮ್ಮ ನಾಣ್ಯಗಳ ದಾನ ಬರೆದಿಟ್ಟಿದ್ದಾರೆ. ಅಂದರೆ ಮಳಖೇಡದಲ್ಲಿ ಜೈನರ ಮನ್ನಣೆ ಮೆರೆಯುತ್ತಿದ್ದಾಗ ಅದೇ ಅರಸನ ಆಳ್ವಿಕೆಯ ಪಡುವಣ ತುದಿಯಲ್ಲಿ ಬೌದ್ಧ ಭಿಕ್ಷುಗಳಿಗೆ ಪುಸ್ತಕ ಖರೀದಿ ನಡೆದಿತ್ತು. ಮಳಖೇಡ ನಮ್ಮ ಕಲಬುರಗಿ ಜಿಲ್ಲೆಯದೇ, ನಾನು ಬಸ್ಸಿನಲ್ಲಿ ಹಾದುಹೋಗುವ ಊರು.

ನನಗೆ ಹಿಡಿಸಿದ್ದು ಮಾತ್ರ ಹೆಸರಿಲ್ಲದ ಸಣ್ಣ ಕೋಣೆಗಳು. ಒಬ್ಬನಿಗೊಂದು ಕೋಣೆ, ಕಲ್ಲಿನ ಮಂಚ, ಹೊರಗೊಂದು ಕಟ್ಟೆ. ಒಳಗೆ ಕುಳಿತು ನೋಡಿದೆ. ಬುದ್ಧನೂ ತನ್ನ ಗುರುಗಳಾದ ಆಳಾರ ಕಾಲಾಮನನ್ನು, ಉದ್ದಕ ರಾಮಪುತ್ತನನ್ನು ಬಿಟ್ಟು ಒಬ್ಬನೇ ಹೊರಟವನಲ್ಲವೇ ಎಂದು ಕಾಕಾನನ್ನು ಕೆಣಕಿದೆ.

“ಬಿಟ್ಟ. ಆಳಾರ ತನ್ನ ಪಕ್ಕದಲ್ಲಿ ಕೂರಿಸಿಕೊಂಡು, ಬಾ ಇಬ್ಬರೂ ಸೇರಿ ಶಿಷ್ಯರನ್ನು ನೋಡಿಕೊಳ್ಳೋಣ ಎಂದ ಮೇಲೆ ಬಿಟ್ಟ. ನೀನು ಯಾರ ಪಕ್ಕದವರೆಗೆ ತಲುಪಿದ್ದೀ?”

ಉತ್ತರಕ್ಕಾಗಿ ಹೊರಗೆ ನೋಡಿದೆ. ಕೋಣೆಯ ಬಾಗಿಲ ಬಳಿ ನೆಲದಲ್ಲಿ ತೊಟ್ಟಿ, ತೊಟ್ಟಿಗೆ ಬಂಡೆಯ ಮೇಲಿನಿಂದ ಕಡಿದ ಕಾಲುವೆ. ಮೇಲೆ ಇನ್ನೊಂದು ಕೋಣೆ, ಅದಕ್ಕೂ ಒಂದು ತೊಟ್ಟಿ. ಗುಡ್ಡವಿಡೀ ಮಳೆಯ ಒಂದು ಹನಿಯನ್ನೂ ಪೋಲು ಮಾಡದ ಹಾಗೆ ಯಾರೋ ಇಳಿಜಾರು ಅಳೆದು ಕೊರೆದಿದ್ದಾರೆ. ಕೆಳಗೆ 11ನೆಯ ಗುಹೆಯಲ್ಲಿ ಸಾಲಾಗಿ ಕೂರಲು ಉದ್ದನೆಯ ಕಲ್ಲಿನ ಹಲಗೆಗಳು. ಒಬ್ಬೊಬ್ಬನೇ ಕೂತು ತನ್ನ ಮನಸ್ಸನ್ನು ನೋಡಿಕೊಳ್ಳಲೆಂದು ಇಷ್ಟು ಜನ ಸೇರಿ ಇಷ್ಟು ನೀರನ್ನು ಹರಿಸಬೇಕಾಯಿತು. ನಮ್ಮ ಸ್ವಂತ ದಾರಿಯ ಮಾತುಗಳಲ್ಲಿ ಈ ತೊಟ್ಟಿಯ ಪ್ರಸ್ತಾಪ ಬಂದದ್ದನ್ನು ನಾನು ಕೇಳಿಲ್ಲ.

ಸೋಮವಾರ, ಕಾರ್ಲಾ

ಲೋಣಾವಳದಿಂದ ಆಟೋ. ಮೆಟ್ಟಿಲು ಹತ್ತುವಾಗ ಎರಡೂ ಕಡೆ ತೆಂಗಿನಕಾಯಿ, ಹಸಿರು ಬಳೆ, ಸೀರೆಯ ಅಂಗಡಿಗಳು. ಎಲ್ಲರೂ ಹೋಗುತ್ತಿದ್ದುದು ಏಕವೀರಾ ದೇವಿಗೆ. ಕೋಳಿ ಬೆಸ್ತರ ಕುಲದೇವಿಯ ಗುಡಿ ಚೈತ್ಯದ ಬಾಗಿಲಿಗೇ ಅಂಟಿಕೊಂಡಂತೆ ಇದೆ. ಸರತಿ ಸಾಲು, ಗಂಟೆ, ಗುಲಾಲು. ಕಾಕಾನ ಮುಖ ಬಿಗಿಯಿತು. “ನೋಡು, ನಮ್ಮ ಹೊಸ್ತಿಲ ಮೇಲೆ ಬಂದು ಕೂತಿದ್ದಾರೆ” ಎಂದರು. ಈ ಬೆಸ್ತರೂ ಮುಂಬೈಯಿಂದ, ರಾಯಗಡದಿಂದ ತಲೆಮಾರುಗಳಿಂದ ಇದೇ ಗುಡ್ಡ ಹತ್ತುತ್ತಿರುವವರು, ಅವರಿಗೂ ಇದು ಅಜ್ಜ ಅಜ್ಜಿಯ ದಾರಿ ಎಂದೆ. ಕಾಕಾ ಒಪ್ಪಲಿಲ್ಲ. ಅವರ ಸಿಟ್ಟಿಗೆ ಕಾರಣವಿದೆ. ಆದರೂ ಸಾಲಿನಲ್ಲಿ ಮಗುವನ್ನು ಹೊತ್ತು ನಿಂತಿದ್ದ ಬೆಸ್ತರ ಹುಡುಗನನ್ನು ಅತಿಕ್ರಮಣಕಾರ ಎನ್ನಲು ನನ್ನಿಂದಾಗಲಿಲ್ಲ.

ಒಳಗೆ ಹೋದ ಮೇಲೆ ಇಬ್ಬರ ಮಾತೂ ನಿಂತಿತು. ಬಂಡೆಯಲ್ಲಿ ಕೊರೆದ ಚೈತ್ಯಗಳಲ್ಲಿ ದೇಶದಲ್ಲೇ ದೊಡ್ಡದು, ಉದ್ದ ಸುಮಾರು 38 ಮೀಟರ್. ಎರಡು ಸಾಲು ಕಂಬ, ಕಂಬದ ನೆತ್ತಿಯಲ್ಲಿ ಆನೆ ಏರಿದ ಜೋಡಿಗಳು, ಕಮಾನಿನ ಚಾವಣಿಗೆ ಹಚ್ಚಿದ ಮರದ ಪಕ್ಕೆಗಳು. ಆ ಮರ ಇಂದಿನದಲ್ಲ, ಸುಮಾರು ಎರಡು ಸಾವಿರ ವರ್ಷ ಹಳೆಯದು. ಕೊನೆಯಲ್ಲಿ ಸ್ತೂಪ, ಅದರ ಮೇಲೆ ಮರದ ಛತ್ರಿ. ಬುದ್ಧನ ಮೂರ್ತಿ ಇಲ್ಲ. ಇದನ್ನು ಕಡಿಸಿದವರಿಗೆ ಮೂರ್ತಿ ಬೇಕಿರಲಿಲ್ಲ.

ಹೊರಗಿನ ಗೋಡೆಯ ಮೇಲೆ ಮಾತ್ರ ಬುದ್ಧನಿದ್ದಾನೆ. ಮೊದಲು ಅಲ್ಲಿದ್ದದ್ದು ಗಂಡು ಹೆಣ್ಣಿನ ಜೋಡಿಗಳು, ತುಂಬು ಮೈಯ ದಂಪತಿಗಳು. 5, 6ನೆಯ ಶತಮಾನದ ಹೊತ್ತಿಗೆ ಬಂದವರು ಉಳಿದ ಜಾಗದಲ್ಲೆಲ್ಲ ಬುದ್ಧ, ಬೋಧಿಸತ್ವರನ್ನು ಕೆತ್ತಿದರು, ಹಳೆಯ ಕೆಲಸಕ್ಕೆ ಒಂದೆರಡು ಕಡೆ ಉಳಿಯ ಪೆಟ್ಟು ಬಿದ್ದರೂ ಲೆಕ್ಕಿಸಲಿಲ್ಲ. ಮೂರ್ತಿ ಬೇಡವೆಂದವರ ಬಾಗಿಲ ಮೇಲೆಯೇ ಮೂರ್ತಿ! ನಾನು ಇದನ್ನು ಕಾಕಾನಿಗೆ ತೋರಿಸಿ, ಹೊಸ್ತಿಲ ಮೇಲೆ ಬಂದು ಕೂತ ಮೊದಲಿಗರು ಇವರೇ ಎಂದೆ. ಅವರು ಬಹಳ ಹೊತ್ತು ಆ ಗೋಡೆಯನ್ನು ನೋಡಿದರು. “ಇವರು ಮನೆಯವರು” ಎಂದಷ್ಟೇ ಹೇಳಿದರು.

ಕಂಬಗಳ ಮೇಲೆ ದಾನಿಗಳ ಹೆಸರುಗಳಿವೆ. ಧೇನುಕಾಕಟವೆಂಬ ಊರಿನಿಂದ ಬಂದ ಯವನರೂ ಒಂದೊಂದು ಕಂಬ ಕೊಟ್ಟಿದ್ದಾರೆ. ಮೊಗಸಾಲೆಯ ಶಾಸನವನ್ನು ಹುಡುಕಿಕೊಂಡೇ ನಾನು ಬಂದದ್ದು. ವೈಜಯಂತಿಯ ಸೆಟ್ಟಿ ಭೂತಪಾಲನು ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ಪೂರ್ತಿಗೊಳಿಸಿದನು ಎಂದು ಬ್ರಾಹ್ಮಿಯಲ್ಲಿ ಬರೆದಿದೆ. ವೈಜಯಂತಿ ಎಂದರೆ ನಮ್ಮ ಬನವಾಸಿ. ಪಂಪ ಬನವಾಸಿಯನ್ನು ನೆನೆದು ಹಂಬಲಿಸುವುದಕ್ಕೆ ಸುಮಾರು 800 ವರ್ಷ ಮೊದಲೇ ಅಲ್ಲಿಯ ವ್ಯಾಪಾರಿಯೊಬ್ಬ ಸಹ್ಯಾದ್ರಿಯ ಘಟ್ಟದ ಬಾಯಿಯವರೆಗೆ ಬಂದು ಥೈಲಿ ಬಿಚ್ಚಿದ್ದ. ಜಂಬೂದ್ವೀಪದಲ್ಲೇ ಉತ್ತಮ ಎಂದು ತಾನೇ ಬರೆಸಿಕೊಂಡ ಧೈರ್ಯ ನೋಡಿ. ಅನಿತ್ಯ, ಅನಾತ್ಮ ಎನ್ನುವವರ ಮನೆಬಾಗಿಲಲ್ಲಿ ಸೆಟ್ಟಿಯ ಜಂಬ ಅಚ್ಚಳಿಯದೆ ನಿಂತಿದೆ, ಭಿಕ್ಷುಗಳೂ ಬೇಡವೆನ್ನಲಿಲ್ಲ. ಈ ವಿಹಾರಗಳೆಲ್ಲ ವ್ಯಾಪಾರದ ಹಾದಿಯ ಘಟ್ಟಗಳ ಬಳಿಯೇ ಏಕೆ ಎಂಬುದನ್ನು ಪುಣೆಯ ಗಣಿತಜ್ಞ, ಇತಿಹಾಸಕಾರ ಡಿ. ಡಿ. ಕೋಸಂಬಿ ಈ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ವಿವರಿಸಿದ್ದಾರೆ.

ಕಾಕಾ ಶಾಸನದ ಎದುರು ನಿಂತು ನನ್ನ ಬೆನ್ನು ತಟ್ಟಿದರು. “ನಿಮ್ಮ ಕನ್ನಡದ ಸೆಟ್ಟಿ ದುಡ್ಡು ಕೊಟ್ಟ, ನಮ್ಮ ಭಿಕ್ಷುಗಳು ಕೂತರು.” ನಿಮ್ಮದು, ನಮ್ಮದು ಎಂದು ಅವರು ಹಂಚಿದ ರೀತಿಗೆ ನಗು ಬಂತು. ಕಾಕಾನ ಮನೆಮಾತೂ ಕನ್ನಡವೇ.

ಮಂಗಳವಾರ, ಪುಣೆ, ದೇಹೂ ರೋಡ್

ಪಿಂಪರಿಯಲ್ಲಿ ಕಾಕಿಯ ತಂಗಿಯ ಮನೆಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋದೆವು. ನೋಡಲು ವಿಶೇಷವೇನಿಲ್ಲ, ಕಲ್ಲಿನ ಕಟ್ಟಡ, ಮರಗಳು, ಹುಡುಗರ ಬೈಕುಗಳು. ನನ್ನ ಪಕ್ಷದ ಕೊನೆಯ ವಕೀಲರು ಇಲ್ಲಿ 1912ರಿಂದ ಕೆಲವು ವರ್ಷ ಪಾಲಿ ಕಲಿಸಿದ್ದರು: ಇತಿಹಾಸಕಾರ ಕೋಸಂಬಿಯ ತಂದೆ, ಗೋವೆಯ ಸಾಂಖವಾಳದ ಧರ್ಮಾನಂದ ಕೋಸಂಬಿ.

ಇವರ ಬದುಕಿಗಿಂತ ದೊಡ್ಡ ಸ್ವಂತ ದಾರಿ ಯಾವುದಿದೆ? ಬುದ್ಧನ ಬಗ್ಗೆ ಮರಾಠಿಯಲ್ಲಿ ಓದಿದ್ದಷ್ಟೇ ಬಂಡವಾಳ. 1899ರಲ್ಲಿ ಹೆಂಡತಿ, ಎಳೆಯ ಮಗಳನ್ನು ಬಿಟ್ಟು ಹೊರಟರು. ಪುಣೆ, ಕಾಶಿ, ನೇಪಾಳ ಎಲ್ಲ ಅಲೆದು 1902ರಲ್ಲಿ ಸಿಂಹಳದಲ್ಲಿ ದೀಕ್ಷೆ ಪಡೆದರು. ಬರ್ಮಾದಲ್ಲಿ ಧ್ಯಾನ ಮಾಡಿದರು. ಆಮೇಲೆ ಭಿಕ್ಷುವಿನ ಚೀವರ ಬಿಟ್ಟು ಕಲ್ಕತ್ತೆ, ಹಾರ್ವರ್ಡ್, ಉಪ್ಪಿನ ಸತ್ಯಾಗ್ರಹ. ಕೊನೆಗೆ 1947ರ ಜೂನ್‌ನಲ್ಲಿ ಸೇವಾಗ್ರಾಮದಲ್ಲಿ ಆಹಾರ ಬಿಟ್ಟು, ಜೈನರ ಸಲ್ಲೇಖನದ ಹಾಗೆ, ಪ್ರಾಣ ನೀಗಿದರು. ಜೀವನವಿಡೀ ಬುದ್ಧನನ್ನು ಬೋಧಿಸಿದವರು ಜೈನ ತೀರ್ಥಂಕರ ಪಾರ್ಶ್ವನಾಥನ ನಾಲ್ಕು ವ್ರತಗಳ ಚಾತುರ್ಯಾಮಕ್ಕೆ ಮಾರುಹೋಗಿ ಸತ್ತರೆ ಅವರು ಯಾವ ಸಂಪ್ರದಾಯದವರು?

ಕಾಕಾ ಗೌರವದಿಂದಲೇ ಕೇಳಿದರು. ಕೋಸಂಬಿಯವರು ಪರೇಲಿನಲ್ಲಿ ಕಾರ್ಮಿಕರಿಗಾಗಿ ಕಟ್ಟಿಸಿದ ಬಹುಜನ ವಿಹಾರದ ವಿಷಯ ಅವರಿಗೆ ಗೊತ್ತು, ವರ್ಕ್‌ಶಾಪಿನ ಗೆಳೆಯರ ಜೊತೆ ಹೋದದ್ದುಂಟು. ಮನೆ ಬಿಟ್ಟವರು ಹೊಟ್ಟೆಗೆ ಏನು ಮಾಡುತ್ತಿದ್ದರು ಎಂದು ಕೇಳಿದರು. ಬರೋಡದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 50 ರೂಪಾಯಿ ಕೊಡುತ್ತಿದ್ದರು ಎಂದೆ.

“ಬಾಬಾಸಾಹೇಬರನ್ನು ಅಮೆರಿಕಕ್ಕೆ ಕಳಿಸಿದವರೂ ಅವರೇ” ಎಂದು ಕಾಕಾ ಹಿಗ್ಗಿದರು. “ಆ ಹೆಂಡತಿ, ಆ ಮಗಳು ಏನು ಮಾಡಿದರು, ಅದನ್ನು ಹೇಳು.”

ಅದಕ್ಕೆ ನನ್ನ ಬಳಿ ಎರಡು ಸಾಲಿನ ಉತ್ತರವೂ ಇರಲಿಲ್ಲ. ಬುದ್ಧನ ಕಥೆಯಲ್ಲೂ ಆ ಪ್ರಶ್ನೆಯನ್ನು ಬೇಗ ದಾಟಿಬಿಡುತ್ತೇವೆ. ಅಂಬೇಡ್ಕರರ ಗ್ರಂಥದಲ್ಲಿ ಸಿದ್ಧಾರ್ಥ ರಾತ್ರಿ ಕದ್ದು ಓಡುವುದಿಲ್ಲ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧ ಸಾರಲು ಹೊರಟಾಗ ಅದನ್ನು ವಿರೋಧಿಸಿ, ಯಶೋಧರೆಗೆ ಹೇಳಿ, ಹಗಲಿನಲ್ಲೇ ಊರು ಬಿಡುತ್ತಾನೆ. ಇದು ಅವರ ಅತ್ಯಂತ ದಿಟ್ಟ ಬದಲಾವಣೆ ಎಂದು ನನ್ನ ಎಣಿಕೆ.

ಮಧ್ಯಾಹ್ನ ಲೋಕಲ್ ಹಿಡಿದು ದೇಹೂ ರೋಡ್. ಇಲ್ಲಿ 1954ರ ಡಿಸೆಂಬರ್ 25ರಂದು, ದೀಕ್ಷೆಗೆ ಸುಮಾರು ಎರಡು ವರ್ಷ ಮೊದಲೇ, ಅಂಬೇಡ್ಕರರು ರಂಗೂನಿನಿಂದ ಬಂದ ಬುದ್ಧ ಮೂರ್ತಿಯನ್ನು ಪ್ರತಿಷ್ಠಾಪಿಸಿದರು. ಪಂಢರಪುರದ ವಿಠೋಬ ಮೂಲದಲ್ಲಿ ಬುದ್ಧನೇ ಎಂದು ಹೇಳಿದ್ದೂ ಆ ದಿನವೇ. ಮರಾಠಿ ಸಂತರು ಕನ್ನಡದವನೆಂದು ಹಾಡಿದ ವಿಠ್ಠಲ, ಪಕ್ಕದ ದೇಹೂವಿನ ತುಕಾರಾಮರ ವಿಠ್ಠಲ! ಎಷ್ಟು ಜನ ಅವನನ್ನು ಎಷ್ಟು ಕಡೆಗೆ ಎಳೆದರು.

ವಿಹಾರದಲ್ಲಿ ವಂದನೆ ನಡೆಯುತ್ತಿತ್ತು. ಈ ಸಲ ತ್ರಿಶರಣದವರೆಗೆ ನಾನೂ ದನಿ ಸೇರಿಸಿದೆ. ಕಾಕಾ ಓರೆಗಣ್ಣಿನಿಂದ ನೋಡಿದರೂ ಅಲ್ಲಿ ಏನೂ ಹೇಳಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಮೇಲೆ ಶುರುವಾಯಿತು.

“22 ಪ್ರತಿಜ್ಞೆಗಳಲ್ಲಿ ಎಷ್ಟನ್ನು ಒಪ್ಪುತ್ತೀ?”

“ಹೆಚ್ಚುಕಡಿಮೆ ಎಲ್ಲವನ್ನೂ.”

“ಬೇಡದ್ದು ಯಾವುದು?”

“ನನಗಿದು ಹೊಸ ಹುಟ್ಟು ಎಂದು ಹೇಳಬೇಕಲ್ಲ, ಅದು. ನನಗೆ ಹಾಗೆ ಅನಿಸಿಲ್ಲ ಕಾಕಾ. ಅನಿಸದ್ದನ್ನು ಹೇಳಿದರೆ ಪಂಚಶೀಲದ ನಾಲ್ಕನೆಯದು ಮುರಿಯುತ್ತದೆ.”

ಕಾಕಾ ಗಹಗಹಿಸಿ ನಕ್ಕರು. “ನನಗೆ ಅದೊಂದನ್ನು ಹೇಳುವುದೇ ಸುಲಭವಾಗಿತ್ತು. ಮದ್ಯ ಮುಟ್ಟುವುದಿಲ್ಲ ಎಂಬುದು ಕಷ್ಟವಾಗಿತ್ತು.”

“ಎಷ್ಟು ವರ್ಷ ಹಿಡಿಯಿತು?”

“ನಿಮ್ಮ ಕಾಕಿಯನ್ನು ಕೇಳು. ಅವಳು ಲೆಕ್ಕ ಇಟ್ಟಿದ್ದಾಳೆ.”

ಅಶೋಕ ವಿಜಯದಶಮಿಗೆ ನಾಗಪುರಕ್ಕೆ ಬಾ, ದೀಕ್ಷಾಭೂಮಿಯಲ್ಲಿ ನಿಂತು ನೋಡು, ಹೇಳುವುದು ಬಿಡುವುದು ಆಮೇಲಿನ ಮಾತು ಎಂದರು. ಬರುತ್ತೇನೆ ಎಂದೆ, ಟಿಕೆಟ್ ಇಬ್ಬರಿಗೂ ಸೇರಿಸಿಯೇ ತೆಗೆಸಿಬಿಡಿ ಎಂದೆ.

“ಸ್ವಂತ ದಾರಿಯವನು ಸ್ವಂತ ಟಿಕೆಟ್ ತೆಗೆಸಬೇಕು” ಎಂದು ಕಾಕಾ ಚೀಲ ಹೆಗಲಿಗೇರಿಸಿದರು. ಪುಣೆಯ ಲೋಕಲ್ ಬಂತು, ತುಂಬಿ ತುಳುಕುತ್ತಿತ್ತು. ಅವರು ಹಿರಿಯ ನಾಗರಿಕರ ಸೀಟು ಹುಡುಕುತ್ತ ಒಂದು ಬಾಗಿಲಿಗೆ ಓಡಿದರು, ನಾನು ಇನ್ನೊಂದಕ್ಕೆ.